ನಮ್ಮ ಮನೆಯ ಕೈಗುಣ

ಆಗುವುದಿಲ್ಲ ಎಂದು ಮೊದಲು ಹೇಳಿದವಳು ನಮ್ಮ ದೊಡ್ಡಮ್ಮ. ಅಮ್ಮನ ಅಕ್ಕ, ಜಿಗಣಿಯವಳು, ಹೆಸರು ಮುನಿಯಮ್ಮ. ಏನು ಆಗುವುದಿಲ್ಲ ಎಂದಳು ಅಂತ ನೀವು ಕೇಳಿದರೆ, ಎರಡು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದಳು. ಮನೆಯ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ, ಕೋಪ ತಾಪ ಯಾವುದೂ ಇಲ್ಲದೆ, ಇವತ್ತು ಮೋಡ ಜಾಸ್ತಿ ಅನ್ನುವಷ್ಟು ಸಲೀಸಾಗಿ.

"ನಿಮ್ಮಪ್ಪಂದು ಕಬ್ಬಿಣ ಮುಟ್ಟೋ ಕೈ ಕಣವ್ವ. ಆ ಮನೇಲಿ ಗಿಡಾನೂ ಹತ್ತಾಕಿಲ್ಲ, ಓದೂ ಹತ್ತಾಕಿಲ್ಲ."

ಆಗ ನಾನು ಒಂಬತ್ತನೇ ಕ್ಲಾಸು. ಅವಳ ಹಿತ್ತಲಿನ ಕರಿಬೇವಿನ ಗಿಡದಿಂದ ಒಂದು ಎಸಳು ಕೀಳಲು ಕೈ ಚಾಚಿದ್ದೆ. ಅವಳು ಅವರೆಕಾಯಿಯ ಮೊರ ಕೆಳಗಿಟ್ಟು, ಎದ್ದು ಬಂದು, ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬೇಕಾದಷ್ಟು ಕರಿಬೇವು ತಾನೇ ಕಿತ್ತು ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಇಷ್ಟು ವರ್ಷದ ಮೇಲೆ ಇದೆಲ್ಲ ನೆನಪಾಗಲು ಕಾರಣ ಒಂದು ಕೈಗುದ್ದಲಿ. ಹೋದ ತಿಂಗಳು ನಾವು ಚಂದಾಪುರದ ಆಚೆ ನಮ್ಮದೇ ಒಂದು ಚಿಕ್ಕ ಮನೆಗೆ ಬಂದೆವು. ಸಾಮಾನಿನ ಚೀಲ ಬಿಚ್ಚಿದಾಗ ಹಳೆಯ ಪಾತ್ರೆಗಳ ನಡುವಿನಿಂದ ಅದು ಬಿತ್ತು. ಅಪ್ಪ ತಾನು ಕೆಲಸ ಮಾಡುತ್ತಿದ್ದ ಪೀಣ್ಯದ ಶೆಡ್ಡಿನಲ್ಲಿ ಮಿಕ್ಕಿದ ಕಬ್ಬಿಣದಲ್ಲಿ ಮಾಡಿದ್ದು. ಹಿಡಿಗೆ ಒಂದು ಗೇಣು ಪೈಪು. ಬೆವರಿದ ಕೈ ಜಾರಬಾರದು ಎಂದು ಆ ಪೈಪಿನ ಮೇಲೆ ಕಬ್ಬಿಣ ಕಡೆಯುವ ಲೇಥಿನಲ್ಲಿ ಸಣ್ಣ ಸಣ್ಣ ಗೆರೆಗಳನ್ನು ಕೊರೆದಿದ್ದಾನೆ. ಕೈ ಬೆವರುವುದು ಅವನಿಗೆ ಗೊತ್ತಿತ್ತು. ಗಿಡದ ಹತ್ತಿರ ಹೋದರೆ ನನಗೆ ಕೈ ಬೆವರುತ್ತದೆ.

ನಗಬೇಡಿ. ರಕ್ತಪರೀಕ್ಷೆಯ ಚೀಟಿ ಹಿಡಿದು ಲ್ಯಾಬಿನ ಬಾಗಿಲಲ್ಲಿ ಕೂತವರ ಎದೆ ಹೇಗೆ ಹೊಡೆದುಕೊಳ್ಳುತ್ತದೋ ಹಾಗೆ ನನ್ನ ಎದೆ ನರ್ಸರಿಯ ಗೇಟಿನಲ್ಲಿ ಹೊಡೆದುಕೊಳ್ಳುತ್ತದೆ. ಅದೂ ಬಾಟನಿ ಓದಿದವಳು ನಾನು. ಬಿಎಸ್ಸಿ. ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಡಿಗ್ರಿ ಮುಗಿಸಿದ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ತಂದವರಿಗೂ ಒಮ್ಮೆ ಹೇಳಿದ್ದೇನೆ. ಅವರು ಒಳ್ಳೇದಾಯ್ತು ಮೇಡಂ ಎಂದು ಖಾಲಿ ಸಿಲಿಂಡರ್ ಕೇಳಿದರು.

ನಾನು ಬೆಳೆದದ್ದು ರಾಜಗೋಪಾಲನಗರದ ಒಂದು ವಠಾರದಲ್ಲಿ. ಸಾಲಾಗಿ ಆರು ಮನೆ, ಮೇಲಿನ ಮಹಡಿಯಲ್ಲಿ ಓನರಮ್ಮ, ಮುಂದೆ ಎಲ್ಲರಿಗೂ ಸೇರಿ ನೆಲದೊಳಗೆ ಒಂದು ನೀರಿನ ಸಂಪು. ಸಂಪಿನ ಮುಚ್ಚಳಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಸಿಮೆಂಟ್ ಬೀಳದೆ ಉಳಿದ ಒಂದು ಪಟ್ಟಿ ಮಣ್ಣು. ಅಗಲ ಎರಡಡಿ, ಉದ್ದ ಹತ್ತು ಹನ್ನೆರಡಡಿ. ಅಲ್ಲಿ ಹರಿದ ಚಪ್ಪಲಿಗಳೂ ಒಡೆದ ನೀರಿನ ಕ್ಯಾನುಗಳೂ ಬೆಳೆಯುತ್ತಿದ್ದವು.

ಅಪ್ಪ ಲೇಥಿನ ಮೇಲೆ ಕೆಲಸ ಮಾಡುತ್ತಿದ್ದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮನೆಗೆ ಬಂದು ಕೈ ತೊಳೆದು, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ ಗೋಡೆಗೆ ಒರಗಿ ಕೂರುತ್ತಿದ್ದ. ನಾನು ಗಟ್ಟಿಯಾಗಿ ಓದುವವಳು. ಒಂದೇ ಕೋಣೆಯ ಮನೆಯಲ್ಲಿ ಗಟ್ಟಿಯಾಗಿ ಓದಿದರೆ ಅಮ್ಮನಿಗೆ ತಲೆನೋವು, ಅಪ್ಪನಿಗೆ ಸುಖ. ನಿಲ್ಲಿಸಿದರೆ ಕಣ್ಣು ಬಿಟ್ಟು, ಯಾಕೆ ನಿಂತೋಯ್ತು ಅನ್ನುವ ಹಾಗೆ ನೋಡುತ್ತಿದ್ದ. ಇಂಗ್ಲಿಷಿನ ಪಾಠವಾದರೆ ಓದಿ, ಆಮೇಲೆ ಕನ್ನಡದಲ್ಲಿ ಅವನಿಗೆ ಅರ್ಥ ಹೇಳುತ್ತಿದ್ದೆ. ಮೇಷ್ಟರ ಗತ್ತು ಅಲ್ಲಿಂದಲೇ ಬಂದಿರಬೇಕು.

ನಮ್ಮ ಬಾಗಿಲ ಪಕ್ಕದ ಡಬ್ಬಗಳಲ್ಲಿ ಗಿಡ ಇಟ್ಟಿದ್ದೆವು. ಎರಡು ತುಳಸಿ ಒಣಗಿದವು. ಒಂದು ಗುಲಾಬಿ ಒಣಗಿತು. ಬಾಟಲಿಯ ನೀರಿನಲ್ಲಿ ಇಟ್ಟರೂ ಬದುಕುವ ಮನಿ ಪ್ಲಾಂಟನ್ನು ಅಮ್ಮ ಮಣ್ಣಿಗೆ ಹಾಕಿದಳು. ಅದೂ ಹೋಯಿತು. ಒಣಗಿದ ತುಳಸಿಯನ್ನು ಮನೆಯಲ್ಲಿ ನೋಡುವುದು ಎಂಥ ಭಯ ಎಂದು ಅದನ್ನು ಕಂಡವರಿಗೇ ಗೊತ್ತು. ಅಮ್ಮ ಎರಡು ದಿನ ಅಳುತ್ತಲೇ ಇದ್ದಳು. ಮೂರನೇ ದಿನ ನಮ್ಮ ಮನೆಯ ಕೈಗುಣವೇ ಸರಿಯಿಲ್ಲ ಎಂದು ತೀರ್ಮಾನಿಸಿದಳು. ಅವಳು ಅದನ್ನು ಜಿಗಣಿಗೆ ಹೋಗಿ ಅಕ್ಕನಿಗೆ ಹೇಳಿದ್ದರಿಂದಲೇ ಆ ಕರಿಬೇವಿನ ಪ್ರಸಂಗ.

ಕೈಗುಣ ಸರಿಯಿಲ್ಲ ಎಂದು ಒಮ್ಮೆ ನಂಬಿದರೆ ಕೈ ಬೇರೆಯೇ ಆಗಿಬಿಡುತ್ತದೆ. ಶಾಲೆಯಲ್ಲಿ ಗಿಡ ನೆಡುವ ದಿನ ನಾನು ಪೊರಕೆ ಹಿಡಿದು ಕಸ ಗುಡಿಸುತ್ತಿದ್ದೆ. ಗೆಳತಿಯರ ಮನೆಗೆ ಹೋದರೆ ಹೂಕುಂಡಗಳಿಂದ ದೂರ ಕೂರುತ್ತಿದ್ದೆ. ಇಂಥವಳು ಬಾಟನಿ ಏಕೆ ತೆಗೆದುಕೊಂಡೆ ಎಂದರೆ, ಕಾಲೇಜಿಗೆ ಅರ್ಜಿ ಹಾಕಲು ಹೋದಾಗ ಆ ಸಾಲಿನಲ್ಲಿ ಮಾತ್ರ ಸೀಟು ಉಳಿದಿತ್ತು. ಅಷ್ಟೇ. ದೊಡ್ಡ ಕನಸು ಏನೂ ಇರಲಿಲ್ಲ.

ಓದು ಸರಾಗವಾಗಿಯೂ ನಡೆಯಲಿಲ್ಲ. ಎರಡನೇ ವರ್ಷ ಕೆಮಿಸ್ಟ್ರಿಯಲ್ಲಿ ಬಿದ್ದು, ಕಾಲೇಜು ಬಿಟ್ಟು, ಎರಡು ವರ್ಷ ಒಂದು ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿ ನಿಂತೆ. ಅಪ್ಪನೇ ಮತ್ತೆ ಕರೆದುಕೊಂಡು ಹೋಗಿ ಸೇರಿಸಿದ. ಹಾಗೆ ಸೇರುವಾಗ ಕಾಲೇಜಿನಲ್ಲಿ, ಇದೇ ಕೊನೆಯ ಅವಕಾಶ, ಇನ್ನೊಮ್ಮೆ ತಪ್ಪಿದರೆ ಸೇರಿಸಿಕೊಳ್ಳುವುದಿಲ್ಲ ಎಂದು ಬರೆಸಿಕೊಂಡರು. ಅಪ್ಪ ಸಹಿ ಹಾಕಿದ. ಅವನ ಸಹಿಯಲ್ಲಿ ನಾಲ್ಕು ಅಕ್ಷರ. ನಾಲ್ಕನ್ನೂ ಒತ್ತಿ ಒತ್ತಿ ಬರೆದ.

ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟು. ಬಾಟನಿ ಮೇಡಂ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದರು. ವರ್ಷಾನುವರ್ಷ ಉಳಿಯುವ ಒಂದು ಹೂಗಿಡ, ಒಂದು ಪೊದೆಗಿಡ, ಒಂದು ಮರ, ಒಂದು ಹುಲ್ಲು. ಮನೆಯ ಕೈತೋಟಕ್ಕೆ ಇವನ್ನು ನಾವೇ ಆರಿಸಬೇಕು, ಆರಿಸಿದ್ದು ಏಕೆ ಎಂದು ಬರೆಯಬೇಕು, ನೆಟ್ಟು ವರ್ಷಪೂರ್ತಿ ಸಾಕಬೇಕು. ಬೇಸಿಗೆಯಲ್ಲಿ ಹೊರಗಿನಿಂದ ಪರೀಕ್ಷಕರು ಮನೆಗೇ ಬಂದು ನೋಡುತ್ತಾರೆ. ಪ್ರಾಜೆಕ್ಟಿನಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ. "ನೋಡೋಕೆ ಚೆಂದ ಇರ್ಬೇಕು, ನಿಮ್ಮ ಜಾಗಕ್ಕೆ ಸೂಟ್ ಆಗ್ಬೇಕು, ಮುಖ್ಯ ಬದುಕಿರ್ಬೇಕು" ಎಂದರು ಮೇಡಂ. ಹುಡುಗಿಯರೆಲ್ಲ ನಕ್ಕರು. ನಾನು ಕ್ಲಾಸು ಮುಗಿದ ಮೇಲೆ ಹಿಂದೆಯೇ ಹೋಗಿ, ಇದರ ಬದಲಿಗೆ ಇನ್ನೊಂದು ಪೇಪರ್ ಬರೆಯಬಹುದಾ ಎಂದು ಕೇಳಿದೆ. ಕೆಮಿಸ್ಟ್ರಿಯಾದರೂ ಪರವಾಗಿಲ್ಲ ಎಂದೆ. ಅವರು ತಮಾಷೆ ಅಂದುಕೊಂಡರು.

ಮೊದಲ ಭಯ ಓನರಮ್ಮ. ಅವರಿಗೆ ಸಂಪು ಒಡೆಯುವ ಭಯ. ಪಕ್ಕದ ಬೀದಿಯಲ್ಲಿ ಯಾರದೋ ಆಲದ ಬೇರು ಸಂಪಿನ ಗೋಡೆ ಸೀಳಿ ಒಳಗೆ ಜಡೆಯಂತೆ ಇಳಿದಿತ್ತಂತೆ. ಮೆಟ್ಟಿಲ ಮೇಲಿಂದಲೇ ಅರ್ಧ ಗಂಟೆ ಆ ಕಥೆ ಹೇಳಿದರು. ಬೇರು ಅಡ್ಡ ಹೋಗುವ ಮರ ಇಟ್ಟರೆ ಮರವನ್ನೂ ನಮ್ಮನ್ನೂ ಒಟ್ಟಿಗೇ ಖಾಲಿ ಮಾಡಿಸುತ್ತೇನೆ ಎಂದು ಕೊನೆಗೆ ಒಪ್ಪಿದರು.

ಎರಡನೇ ಭಯ ಅಮ್ಮ. ನಾನು ಗಿಡದ ಹೆಸರು ಹೇಳುವುದು, ಅವಳು ಅದರ ಅಪಾಯ ಹೇಳುವುದು. ನುಗ್ಗೆ ಮನೆ ಮುಂದೆ ಇರಬಾರದು. ಹುಣಸೆಯ ಹೆಸರು ಸಂಜೆ ಹೊತ್ತು ಎತ್ತಲೂ ಬಾರದು. ಮಲ್ಲಿಗೆ ಬಳ್ಳಿಗೆ ಹಾವು ಬರುತ್ತದೆ. ನಂದಿಬಟ್ಟಲು ಮುರಿದರೆ ಹಾಲು ಸುರಿಯುತ್ತದೆ, ಹಾಲು ಸುರಿಯುವುದು ಬೇಡ. ಕಣಗಿಲೆಯಂತೂ ವಿಷ, ಮೂರನೇ ಮನೆಯ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಕಣಗಿಲೆಯ ಮಾತು ನಿಜ ಎಂದು ಪುಸ್ತಕದಲ್ಲೂ ಇತ್ತು. ಉಳಿದವನ್ನು ಪುಸ್ತಕ ಹೇಳಿರಲಿಲ್ಲ, ಆದರೆ ಪುಸ್ತಕಕ್ಕೆ ನಮ್ಮ ತುಳಸಿಯ ಸಂಗತಿಯೂ ಗೊತ್ತಿರಲಿಲ್ಲವಲ್ಲ. ಒಂದೊಂದನ್ನೇ ಹೊಡೆದುಹಾಕಿದೆ. ಅಪ್ಪನನ್ನು ಕೇಳಿದರೆ ಹಲಸು ಹಾಕು ಎಂದ. ಎರಡಡಿ ಜಾಗದಲ್ಲಿ ಹಲಸಿನ ಮರ. ಅವನಿಗೆ ಹಲಸಿನ ತೊಳೆ ಇಷ್ಟ, ಅಷ್ಟೇ ಕಾರಣ.

ನರ್ಸರಿಗೆ ಮೂರು ಭಾನುವಾರ ಹೋದೆ. ಆ ನರ್ಸರಿಯಣ್ಣ ಯಾವ ಗಿಡ ತೋರಿಸಿದರೂ "ಏನೂ ಆಗಲ್ಲ ಅಕ್ಕ, ತಗೊಂಡೋಗಿ" ಅನ್ನುತ್ತಿದ್ದ. ನನಗೆ ಅದಕ್ಕಿಂತ ಭಯ ಹುಟ್ಟಿಸುವ ಮಾತು ಬೇರೆ ಇಲ್ಲ. ನಮ್ಮ ಪಟ್ಟಿಗೆ ಬಿಸಿಲು ಬರುವುದೇ ಹತ್ತು ಗಂಟೆಗೆ, ಎರಡಕ್ಕೆ ಗೋಡೆಯ ನೆರಳು. ಎಲೆಗಳ ಮೇಲೆ ದಿನವೂ ಶೆಡ್ಡುಗಳ ಕರಿಧೂಳು. ಈ ಎರಡನ್ನೂ ತಡೆದುಕೊಂಡು, ಸಂಪನ್ನು ಒಡೆಯದೆ, ಹಾವು ಕರೆಯದೆ, ಮಗುವನ್ನು ಕೊಲ್ಲದೆ, ಚೆಂದವಾಗಿಯೂ ಇರುವ ನಾಲ್ಕು ಜೀವ ಬೇಕಿತ್ತು. ಮದುವೆಗೆ ಗಂಡು ಹುಡುಕುವುದು ಇದಕ್ಕಿಂತ ಸುಲಭ, ಅಲ್ಲಿ ಬಿಸಿಲಿನ ಲೆಕ್ಕ ಇರುವುದಿಲ್ಲ.

ಕೊನೆಗೆ ಹೀಗೆ ಆಯಿತು. ಮರಕ್ಕೆ ಪಾರಿಜಾತ; ಬಹಳ ಎತ್ತರ ಹೋಗುವುದಿಲ್ಲ, ಬೇರು ಅಷ್ಟು ಒರಟಲ್ಲ, ನೆಲಕ್ಕೆ ಬಿದ್ದ ಹೂವೇ ಪೂಜೆಗೆ ಆಗುತ್ತದೆ ಎಂದು ಅಮ್ಮನೂ ಒಪ್ಪಿದಳು. ಪೊದೆಗೆ ಕೆಂಪು ದಾಸವಾಳ, ಒಂದೇ ಸುತ್ತಿನದು. ಹುಲ್ಲಿಗೆ ನಿಂಬೆಹುಲ್ಲು, ಅದರ ವಾಸನೆಗೆ ಹಾವು ಬರುವುದಿಲ್ಲ ಎಂದು ಅಮ್ಮನಿಗೆ ಯಾರೋ ಹೇಳಿದ್ದರು, ನಾನು ಇಲ್ಲ ಎನ್ನಲಿಲ್ಲ. ಹೂಗಿಡಕ್ಕೆ ಸುಗಂಧರಾಜ. ಗಡ್ಡೆ ನೆಟ್ಟರೆ ವರ್ಷವರ್ಷವೂ ಚಿಗುರುತ್ತದೆ.

ಗಡ್ಡೆ ಎನ್ನುವುದು ಹೆದರುವವರಿಗೆ ಹೇಳಿ ಮಾಡಿಸಿದ ವಸ್ತುವಲ್ಲ. ಮಣ್ಣಿನಲ್ಲಿ ಹುಗಿದ ಮೇಲೆ ಒಂದು ವಾರ ಏನೂ ಕಾಣಲಿಲ್ಲ. ಸತ್ತಿದೆಯೋ ಬದುಕಿದೆಯೋ ನೋಡಿಬಿಡೋಣ ಎಂದು ಅಗೆದೆ. ಬದುಕಿತ್ತು. ಮತ್ತೆ ಹುಗಿದೆ. ನಾಲ್ಕು ದಿನ ಬಿಟ್ಟು ಮತ್ತೆ ಅಗೆದೆ. ಹೀಗೆ ಎಷ್ಟು ಸಲ ಎಂದು ಪ್ರಾಜೆಕ್ಟಿನ ರೆಕಾರ್ಡ್ ಪುಸ್ತಕದಲ್ಲಿ ಬರೆದಿಲ್ಲ. ಇನ್ನೊಂದು ಸಲ ಅಗೆದರೆ ಗುದ್ದಲಿ ವಾಪಸ್ ಶೆಡ್ಡಿಗೆ ಎಂದು ಅಪ್ಪ ಹೇಳಿದ ಮೇಲೆ ಬಿಟ್ಟೆ. ಬಿಟ್ಟ ಮೇಲೆ ಚಿಗುರಿತು.

ಮಳೆಗಾಲ ಮುಗಿಯುವ ಹೊತ್ತಿಗೆ ನಾಲ್ಕೂ ನಿಂತವು. ಚಪ್ಪಲಿ ಬೀಳುತ್ತಿದ್ದ ಜಾಗದಲ್ಲಿ ದಾಸವಾಳ ಬಿಟ್ಟಿತು. ಮೂರನೇ ಮನೆಯ ರಾಯಚೂರಿನ ಶರಣವ್ವ, ಆ ಬಾಯಿಗೆ ಹಾಕುವ ಮಗುವಿನ ತಾಯಿ, ಚಹಾಕ್ಕೆಂದು ನಿಂಬೆಹುಲ್ಲು ಕೇಳಲು ಬಂದಳು. "ಅಕ್ಕಾರ, ನಿಮ್ಮ ಹುಲ್ಲು ಭಾಳ ಚಲೋ ವಾಸನಿ ಐತ್ರಿ." ನಮ್ಮ ಮನೆಯವರು ಬೆಳೆಸಿದ್ದನ್ನು ಒಬ್ಬರು ಬಂದು ಕೇಳಿದ್ದು ಅದೇ ಮೊದಲು. ಕೊಟ್ಟೆ. ಆದರೆ ಬುಡದವರೆಗೆ ಕೊಯ್ಯುತ್ತಾಳೋ ಏನೋ ಎಂದು ಅವಳ ಕತ್ತರಿಯ ಪಕ್ಕದಲ್ಲೇ ಉಸಿರು ಹಿಡಿದು ನಿಂತಿದ್ದೆ.

ಪ್ರತಿ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಒಂದು ಕ್ಷಣ ನಿಲ್ಲುತ್ತಿದ್ದೆ. ಇವತ್ತು ಸತ್ತಿರುತ್ತವೆ ಎಂದುಕೊಂಡೇ ಚಿಲಕ ತೆಗೆಯುವುದು. ಸತ್ತಿಲ್ಲದಿದ್ದರೆ ಆ ದಿನ ಲಾಭ.

ಡಿಸೆಂಬರ್ ಚಳಿಯಲ್ಲಿ ದಾಸವಾಳದ ಎಲೆ ಸ್ವಲ್ಪ ಹಳದಿಯಾಯಿತು. ಚಳಿಗೆ ಹಾಗಾಗುವುದುಂಟು. ಅಂದು ಸಂಜೆ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದೆ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ ಎಂದು ಇಂಗ್ಲಿಷಿನಲ್ಲಿ ಓದಿ, ಅಪ್ಪನಿಗೆ ಕನ್ನಡದಲ್ಲಿ ಅರ್ಥ ಹೇಳಿದೆ. ಮನುಷ್ಯರಿಗೆ ರಕ್ತ ಕಡಿಮೆಯಾದ ಹಾಗೆ ಗಿಡಕ್ಕೂ ಆಗುತ್ತಪ್ಪ ಎಂದು ಉದಾಹರಣೆಯನ್ನೂ ಕೊಟ್ಟೆ. ಅಪ್ಪ ತಲೆದೂಗಿದ.

ಅದಾದ ಮೇಲೆ ಶುರುವಾಯಿತು. ವಾರದೊಳಗೆ ದಾಸವಾಳದ ಕೆಳಗಿನ ಎಲೆಗಳು ಉದುರಿದವು. ಮೊಗ್ಗು ಅರಳದೆ ಬಿದ್ದವು. ಆಮೇಲೆ ಪಾರಿಜಾತದ ತುದಿ ಬಾಡಿತು. ಸುಗಂಧರಾಜದ ಗರಿ ಒಣಗಿತು. ನಿಂಬೆಹುಲ್ಲು ಮಾತ್ರ ಹಾಗೆಯೇ ಇತ್ತು. ನಾನು ಊಟ ಬಿಟ್ಟೆ. ಕಾಲೇಜಿನಲ್ಲಿ ಮೇಡಂ ಎದುರಾದರೆ ಇನ್ನೊಂದು ಮೆಟ್ಟಿಲಿನಿಂದ ಇಳಿಯುತ್ತಿದ್ದೆ. ಕಣ್ಣು ಮುಚ್ಚಿದರೆ ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದು ಸರಿಸುತ್ತಿದ್ದಳು. ಅಮ್ಮ, ಅಪ್ಪನ ಊಟದ ಚೀಲ ಯಾಕೋ ಈಚೆಗೆ ಎಣ್ಣೆ ಎಣ್ಣೆ ಎಂದು ಗೊಣಗುತ್ತ ಅದನ್ನೇ ತಿಕ್ಕಿ ತೊಳೆಯುತ್ತಿದ್ದಳು. ಅವಳಿಗೂ ಭಯ, ನನ್ನ ಕಡೆ ನೋಡಲು.

ಒಂದು ಬೆಳಿಗ್ಗೆ ನೀರು ಹಾಕಿದೆ. ನೀರು ಇಂಗಲಿಲ್ಲ. ಮಣ್ಣಿನ ಮೇಲೆ ಹಾಗೆಯೇ ನಿಂತಿತು, ಅದರ ಮೇಲೆ ನೇರಳೆ ಹಸಿರು ಬಣ್ಣದ ತೆಳು ಪದರ. ಗ್ಯಾರೇಜಿನ ಮುಂದೆ ಮಳೆ ಬಂದಾಗ ಕಾಣುತ್ತದಲ್ಲ, ಅದು. ಕೈಗುದ್ದಲಿ ತಂದು ದಾಸವಾಳದ ಬುಡ ಕೆದಕಿದೆ. ಕಿರ್ ಎಂದಿತು. ಇನ್ನೂ ಕೆದಕಿದರೆ ನೀಲಿ ಬಣ್ಣದ ಕಬ್ಬಿಣದ ಸುರುಳಿಗಳು, ಹಿಡಿ ಹಿಡಿಯಾಗಿ. ಲೇಥಿನಲ್ಲಿ ಕಬ್ಬಿಣ ಕಡೆದಾಗ ಉದುರುವ ಸುರುಳಿ. ಯಂತ್ರ ಕಾಯದಿರಲಿ ಎಂದು ಕಡೆಯುವಾಗ ಸುರಿಯುವ ಕೂಲೆಂಟ್ ಎಣ್ಣೆ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಆ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಅದು ನಮ್ಮಪ್ಪನ ಅಂಗಿಯ ವಾಸನೆ.

ಇಲ್ಲಿಯವರೆಗಿನ ಭಯವೆಲ್ಲ ಒಂದು ಕಡೆ, ಈಗ ಬಂದ ಭಯ ಒಂದು ಕಡೆ. ಅಪ್ಪನಿಗೆ ಹೇಗೆ ಹೇಳುವುದು. ಹೇಳದಿದ್ದರೆ ಮತ್ತೆ ಹಾಕುತ್ತಾನೆ, ಹೇಳಿದರೆ ಅವನ ಮುಖ ನೋಡಬೇಕು. ಭಾನುವಾರದವರೆಗೆ ಕಾದೆ. ಅವನು ಗೇಟಿನ ಹತ್ತಿರ ಗಾಡಿ ಒರೆಸುತ್ತಿದ್ದ. ಮೂರು ಸುರುಳಿಗಳನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಚಾಚಿದೆ. ಅವನು ಬಟ್ಟೆ ಕೆಳಗಿಟ್ಟು ನೋಡಿದ.

"ಜಾಸ್ತಿ ಆಯ್ತಾ?" ಎಂದ.

ನಾನು ಸುರುಳಿಗಳನ್ನು ಗಾಡಿಯ ಸೀಟಿನ ಮೇಲಿಟ್ಟೆ.

"ನೀನೇ ಓದಿದ್ದಲ್ವಾ, ಕಬ್ಬಿಣ ಕಮ್ಮಿ ಅಂತ. ನಮ್ಮತ್ರ ಜಾಸ್ತಿ ಇರೋದು ಅದೊಂದೇ ಅಲ್ವೇನಮ್ಮ."

ಬೆಳಗಿನ ಶಿಫ್ಟಿಗೆ ಹೋಗುವಾಗ ದಿನವೂ ಒಂದೊಂದು ಹಿಡಿ ಹುಗಿದು ಹೋಗುತ್ತಿದ್ದನಂತೆ. ಹುಲ್ಲಿಗೆ ಯಾಕೆ ಕಬ್ಬಿಣ ಎಂದು ಅದಕ್ಕೆ ಹಾಕಿರಲಿಲ್ಲ. ಕೂಲೆಂಟ್ ಇಂಗಿ ಮಣ್ಣು ಉಸಿರಾಡದಂತಾಗಿದೆ, ಗಿಡಕ್ಕೆ ಬೇಕಾದ ಕಬ್ಬಿಣ ಇದಲ್ಲ ಎಂದು ಹೇಳಿದೆ. ಎಷ್ಟು ಮೆತ್ತಗೆ ಹೇಳಬೇಕೋ ಅಷ್ಟು ಮೆತ್ತಗೆ. ಅವನು ಬಟ್ಟೆ ಎತ್ತಿಕೊಂಡು, ಒರೆಸಿದ್ದ ಚಕ್ರವನ್ನೇ ಮತ್ತೆ ಒರೆಸಿದ. ಆಮೇಲೆ, "ತುಳಸಿಗೂ ಹಾಕಿದ್ದೆ" ಎಂದ.

ಎಂಟನೇ ಕ್ಲಾಸಿನ ವಿಜ್ಞಾನದಲ್ಲಿ ಅದೇ ಪಾಠ ಇತ್ತು. ಆಗಲೂ ನಾನು ಗಟ್ಟಿಯಾಗಿ ಓದಿದ್ದೆ. ಎರಡು ತುಳಸಿ, ಗುಲಾಬಿ, ಮನಿ ಪ್ಲಾಂಟು. ನಮ್ಮ ಮನೆಯ ಕೈಗುಣ ಎಂದು ಅಮ್ಮ ಅತ್ತದ್ದು, ದೊಡ್ಡಮ್ಮ ಕೈ ಸರಿಸಿದ್ದು, ಎಲ್ಲವೂ ನನ್ನ ಬಾಯಿಂದಲೇ ಹೊರಟದ್ದು. ಪಾಠವನ್ನು ಅರ್ಧ ಹೇಳಿ ಎದ್ದು ಹೋಗುವ ಮೇಷ್ಟರಿಗೆ ಹೀಗೇ ಆಗಬೇಕು.

ಮೂವರೂ ಸೇರಿ ಮಣ್ಣು ಅಗೆದು ತೆಗೆದೆವು. ಹೊಸ ಮಣ್ಣಿಗೆ ಜಿಗಣಿಗೆ ಹೋದೆ. ದೊಡ್ಡಮ್ಮ ಹಿತ್ತಲಿನ ಕೆಂಪು ಮಣ್ಣು ಚೀಲಕ್ಕೆ ತುಂಬಿಸಿ, "ಮಣ್ಣು ಬೇಕಾದ್ರೆ ಕೊಡ್ತೀನಿ ಕಣವ್ವ, ಗಿಡ ಮಾತ್ರ ಕೇಳ್ಬ್ಯಾಡ" ಎಂದಳು. ಬಸ್ಸಿನಲ್ಲಿ ಕಂಡಕ್ಟರು ಚೀಲದಲ್ಲಿ ಏನು ಎಂದು ಕೇಳಿದರು. ಮಣ್ಣು ಎಂದೆ. ಪೀಣ್ಯದಲ್ಲಿ ಮಣ್ಣು ಸಿಗಲ್ವೇನಮ್ಮ ಎಂದರು. ಸಿಗಲ್ಲ ಸಾರ್ ಎಂದೆ. ಅವರು ಸ್ವಲ್ಪ ಯೋಚಿಸಿ, ಅದೂ ನಿಜವೇ ಎಂದು ಮುಂದೆ ಹೋದರು.

ಪಾರಿಜಾತ ಉಳಿಯಿತು. ಸುಗಂಧರಾಜದ ಗಡ್ಡೆ ಗಟ್ಟಿಯಿತ್ತು, ಮತ್ತೆ ಗರಿ ಬಂತು. ದಾಸವಾಳ ಸತ್ತಿತು. ಫೆಬ್ರವರಿಯಲ್ಲಿ ಉಗುರಿನಿಂದ ತೊಗಟೆ ಕೆರೆದು ನೋಡಿದೆ, ಒಳಗೆ ಕಂದು. ಪರೀಕ್ಷಕರು ಬರಲು ಇನ್ನೊಂದು ತಿಂಗಳು ಇತ್ತು.

ನರ್ಸರಿಯಣ್ಣನಿಗೆ ಹೇಳಿದೆ. ಅದೇ ಎತ್ತರದ, ಅದೇ ಬಣ್ಣದ ಗಿಡ ತೆಗೆದಿಟ್ಟ. "ಅದೇ ಗುಂಡಿಗೆ ಇಡಿ ಅಕ್ಕ. ಯಾರಿಗೂ ಗೊತ್ತಾಗಲ್ಲ, ಏನೂ ಆಗಲ್ಲ." ತಂದೆ. ತಂದು ಬಚ್ಚಲಿನ ಹಿಂದೆ ಗೋಣಿ ಮುಚ್ಚಿ ಇಟ್ಟೆ. ಎರಡು ದಿನ ಅದು ಅಲ್ಲಿ ಇತ್ತು, ನಾನು ಇಲ್ಲಿ ಇದ್ದೆ. ನೆಟ್ಟರೆ ನಾಲ್ಕಕ್ಕೆ ನಾಲ್ಕು. ನೆಡದಿದ್ದರೆ ಸತ್ತ ಕಡ್ಡಿಯ ಮುಂದೆ ನಿಂತು ಉತ್ತರ ಹೇಳಬೇಕು. ಕೊನೆಯ ಅವಕಾಶ ಎಂದು ಅಪ್ಪ ಹಾಕಿದ ಸಹಿ ಕಣ್ಣಮುಂದೆ ಬರುತ್ತಿತ್ತು. ನಿಜ ಹೇಳುತ್ತೇನೆ, ನೆಡಬೇಕು ಎಂದೇ ಇದ್ದೆ.

ಮೂರನೇ ದಿನ ಅಪ್ಪ ಗೋಣಿ ಎತ್ತಿ ನೋಡಿದ. ಬೈಯಲಿಲ್ಲ. ಬಚ್ಚಲ ಕಟ್ಟೆಯ ಮೇಲೆ ಕೂತು ತನ್ನ ಶೆಡ್ಡಿನ ಮಾತು ತೆಗೆದ.

"ರಿಜೆಕ್ಟ್ ಆದ ಪೀಸನ್ನ ನಾವು ಒಳ್ಳೇ ಪೀಸ್ ಜೊತೆ ಸೇರ್ಸಲ್ಲ ಕಣಮ್ಮ. ಕೆಂಪು ಬಣ್ಣ ಹೊಡೆದು ಪಕ್ಕಕ್ಕಿಡ್ತೀವಿ. ಯಾಕೆ ರಿಜೆಕ್ಟ್ ಆಯ್ತು ಅಂತ ಬರೀತೀವಿ. ಸೇರಿಸ್ಬಿಟ್ರೆ ಅದು ಯಾವ್ದೋ ಮಿಷನ್ ಒಳಗೆ ಹೋಗಿ ಇನ್ಯಾರ್ದೋ ಕೈ ತೆಗೀತದೆ." ಕಟ್ಟೆಯಿಂದ ಏಳುತ್ತ, "ನಂಗೆ ಓದಿನ ವಿಷ್ಯ ಗೊತ್ತಿಲ್ಲ. ನೀನು ನೋಡ್ಕೋ" ಎಂದ.

ಅಂದು ಸಂಜೆ ರೆಕಾರ್ಡ್ ಪುಸ್ತಕದಲ್ಲಿ ಎರಡು ಪುಟ ಬರೆದೆ. ಏನು ಹಾಕಿದ್ದು, ಏನಾಯಿತು, ಹೇಗೆ ಗೊತ್ತಾಯಿತು, ಯಾವುದು ಉಳಿಯಿತು. ಯಾರು ಹಾಕಿದ್ದು ಎನ್ನುವುದನ್ನು ಮಾತ್ರ ಬರೆಯಲಿಲ್ಲ. ಬೆಳಿಗ್ಗೆ ನೋಡಿದರೆ ಸತ್ತ ದಾಸವಾಳದ ಕಾಂಡಕ್ಕೆ ಸುತ್ತಲೂ ಒಂದು ಕೆಂಪು ಪಟ್ಟಿ ಬಳಿದಿತ್ತು, ಅಳತೆ ಇಟ್ಟು ಎಳೆದ ಹಾಗೆ ನೇರವಾಗಿ. ಗೋಣಿಯಡಿಯ ಗಿಡವನ್ನು ಶರಣವ್ವನಿಗೆ ಕೊಟ್ಟೆ.

ಮೇಡಂ ಜೊತೆ ಪರೀಕ್ಷಕರು ಬಂದ ದಿನ ಓನರಮ್ಮ ಮಹಡಿಯಿಂದ ಇಣುಕುತ್ತಿದ್ದರು. ಅಪ್ಪ ಶಿಫ್ಟ್ ಬದಲಾಯಿಸಿಕೊಂಡು ಗೇಟಿನ ಹತ್ತಿರ ನಿಂತಿದ್ದ. ಪರೀಕ್ಷಕರು ವಯಸ್ಸಾದವರು, ಮಾತು ಕಡಿಮೆ. ನಿಂಬೆಹುಲ್ಲು ಹಿಸುಕಿ ಮೂಸಿದರು. ಸುಗಂಧರಾಜ ಒಂದೇ ಒಂದು ಹೂದಂಟು ಎತ್ತಿತ್ತು, ಅದನ್ನು ನೋಡಿದರು. ಪಾರಿಜಾತದ ಹೊಸ ಎಲೆ ಸವರಿದರು. ಆಮೇಲೆ ಕೆಂಪು ಪಟ್ಟಿಯ ಕಡ್ಡಿಯ ಮುಂದೆ ನಿಂತರು. ರೆಕಾರ್ಡು ತೆರೆದು ಆ ಎರಡು ಪುಟ ಓದಿದರು. ಓದಿ ಮುಗಿಸುವವರೆಗೆ ನಾನು ಸಂಪಿನ ಮುಚ್ಚಳದ ಕೊಂಡಿ ನೋಡುತ್ತಿದ್ದೆ.

"ಇದನ್ನ ಹಾಕಿದ್ದು ಯಾರು?" ಎಂದರು.

"ನಾನೇ ಸಾರ್." ಹಾಗೆಂದು ಯೋಚಿಸಿಟ್ಟಿರಲಿಲ್ಲ, ಬಾಯಿಗೆ ಬಂತು.

ಗೇಟಿನ ಕಡೆಯಿಂದ ಅಪ್ಪ ಎರಡು ಹೆಜ್ಜೆ ಮುಂದೆ ಬಂದ. "ಅಲ್ಲ ಸಾರ್. ನಾನು ಹಾಕಿದ್ದು. ಅವಳು ಓದಿದ್ದು ಸರಿಯಾಗೇ ಇತ್ತು."

ಪರೀಕ್ಷಕರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಕೆಂಪು ಬಣ್ಣ ಯಾಕೆ ಎಂದು ಕೇಳಿದರು. ಅಪ್ಪ ಶೆಡ್ಡಿನ ಪದ್ಧತಿ ಹೇಳಿದ. ಅವರು ಪೆನ್ನು ತೆಗೆದು ಏನೋ ಬರೆದುಕೊಂಡು, ನಾನು ಕೊಟ್ಟ ನೀರು ಕುಡಿದು, ಮೇಡಂ ಜೊತೆ ಹೊರಟುಹೋದರು. ಪಾಸೋ ಫೇಲೋ ಅವರ ಮುಖದಲ್ಲಿ ಏನೂ ಇರಲಿಲ್ಲ. ರಿಸಲ್ಟ್ ಬರುವವರೆಗೆ ಎರಡು ತಿಂಗಳು ನಾನು ಬದುಕಿದ್ದೆ ಎನ್ನುವುದು ನನಗೇ ಆಶ್ಚರ್ಯ. ಬಂತು. ಪಾಸು.

ಮೊನ್ನೆ ಭಾನುವಾರ ಈ ಹೊಸ ಮನೆಗೆ ಗಿಡ ಆರಿಸಲು ಹೋದವಳು ಒಂದು ಗಂಟೆ ಸುತ್ತಿ, ಏನೇನೋ ಹೆಸರಿನ ಚೆಂದದ ಗಿಡಗಳನ್ನೆಲ್ಲ ಮುಟ್ಟಿ ಮುಟ್ಟಿ ಬಿಟ್ಟು, ಕೊನೆಗೆ ತಂದದ್ದು ಅವೇ ನಾಲ್ಕು. ದಾಸವಾಳ ನೆಡುವಾಗ ಕೈ ಬೆವರಿತು. ಗುದ್ದಲಿ ಜಾರಲಿಲ್ಲ. ಅಪ್ಪ ಈಗ ಕೆಲಸ ಬಿಟ್ಟಿದ್ದಾನೆ, ಆಗಾಗ ಬಂದು ನಾಲ್ಕು ದಿನ ಇದ್ದು ಹೋಗುತ್ತಾನೆ. ಬಂದ ಕೂಡಲೇ ಅವನ ಚೀಲವನ್ನು ನಾನೇ ಒಳಗೆ ತೆಗೆದುಕೊಂಡು ಹೋಗಿ ಒಮ್ಮೆ ಮೂಸಿ ನೋಡುತ್ತೇನೆ. ಅವನು ನೋಡಿಯೂ ನೋಡದವನಂತೆ ಇರುತ್ತಾನೆ.

ಸರ್ಟಿಫಿಕೇಟು ಕೈಗೆ ಬಂದ ದಿನದ್ದು ಹೇಳಿ ಮುಗಿಸುತ್ತೇನೆ. ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತರು ಅದನ್ನು ಕವರಿನಲ್ಲಿ ಹಾಕಿ ಕೊಟ್ಟರು. ಅಪ್ಪ ಕವರು ಇಸಿದುಕೊಂಡು, ಮನೆಗೆ ಆಮೇಲೆ ಹೋಗೋಣ, ಮೊದಲು ಜಿಗಣಿಗೆ ನಡಿ ಎಂದ. ಎರಡು ಬಸ್ಸು ಬದಲಾಯಿಸಿದೆವು. ಉದ್ದಕ್ಕೂ ಕವರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಮೇಲೆ ಎರಡೂ ಅಂಗೈ ಇಟ್ಟುಕೊಂಡೇ ಕೂತಿದ್ದ.

ದೊಡ್ಡಮ್ಮ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾವು ಹೋಗಿ ನಿಂತದ್ದನ್ನು ನೋಡಿ ಯಾರಿಗೋ ಏನೋ ಆಯಿತು ಎಂದು ಗಾಬರಿಯಾದಳು. ಅಪ್ಪ ನೀರು ಕೂಡ ಕುಡಿಯದೆ, ನಿಂತಲ್ಲೇ, ಅಕ್ಕ, ಆ ತುಳಸಿಯಿಂದ ಹಿಡಿದು ಎಲ್ಲಾ ಗಿಡ ಸಾಯಿಸಿದ್ದು ನಾನೇ, ಕಬ್ಬಿಣ ಹುಗಿದು ಸಾಯಿಸಿದೆ, ಈ ಹುಡುಗಿ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿಬಿಟ್ಟ. ಇದನ್ನು ಹೇಳಲೆಂದೇ ಎರಡು ಬಸ್ಸು ಹತ್ತಿ ಬಂದಿದ್ದ ಎಂದು ನನಗೆ ಆಗ ಗೊತ್ತಾಯಿತು.

ನಾನು ಕವರಿನಿಂದ ಸರ್ಟಿಫಿಕೇಟು ತೆಗೆದು ಅವಳಿಗೆ ಕೊಟ್ಟೆ. ಅವಳು ಸೆರಗಿಗೆ ಕೈ ಎರಡೆರಡು ಸಲ ಒರೆಸಿಕೊಂಡು ಹಿಡಿದಳು. ಕನ್ನಡದಲ್ಲಿದ್ದ ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕೆಳಗೆ ಅಪ್ಪನ ಹೆಸರನ್ನೂ ಓದಿದಳು. ಓದಿ, ವಾಪಸ್ ಕೊಟ್ಟು, ಹಿತ್ತಲಿನ ಮೂಲೆಯ ಕಡೆ ತಿರುಗಿದಳು.

"ಕರಿಬೇವು ಯಾಕೋ ಮಂಕಾಗೈತೆ ಕಣವ್ವ" ಎಂದಳು. "ಒಸಿ ಬಂದು ನೋಡು. ದೂರದಿಂದ ನೋಡ್ಬ್ಯಾಡ, ಮುಟ್ಟಿ ನೋಡು."